ಹೊಸದಾಗಿ ಬಂದ ಲ್ಯಾಪ್‌ಟಾಪ್ ಈಗಲೇ ತಗೊಳ್ಳೋದಾ, ಕಾಯೋದಾ? ಆಫೀಸಿಗೆ ಮೂರು ಬೇಕು

ರಾಜಾಜಿನಗರ_ಲೆಡ್ಜರ್:

ರಾಜಾಜಿನಗರದಲ್ಲಿ ಜಿಎಸ್‌ಟಿ, ಆದಾಯ ತೆರಿಗೆ ರಿಟರ್ನ್ ಫೈಲ್ ಮಾಡುವ ಸಣ್ಣ ಆಫೀಸು. ಈಗಿರುವ ಮೂರೂ ಲ್ಯಾಪ್‌ಟಾಪ್‌ಗಳು ಇಂಟೆಲ್ 7ನೇ ತಲೆಮಾರಿನವು, ವಿಂಡೋಸ್ 11ಕ್ಕೆ ಹೋಗಲ್ಲ. ಒಂದೊಂದಕ್ಕೆ 75ರಿಂದ 90 ಸಾವಿರದವರೆಗೆ ಹಾಕಬಹುದು. ಟ್ಯಾಲಿ ಪ್ರೈಮ್, ದೊಡ್ಡ ಎಕ್ಸೆಲ್ ಫೈಲುಗಳು, ಡಿಎಸ್‌ಸಿ ಟೋಕನ್ (ಡಿಜಿಟಲ್ ಸಹಿ ಇರುವ ಯುಎಸ್‌ಬಿ ಕಡ್ಡಿ), ಹಳೆಯ ಯುಎಸ್‌ಬಿ ಲೇಸರ್ ಪ್ರಿಂಟರ್, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಪತ್ರಗಳು, ಜೊತೆಗೆ ಒಂದು ಹೊರ ಮಾನಿಟರ್. ಗೇಮ್, ವಿಡಿಯೋ ಎಡಿಟಿಂಗ್ ಇಲ್ಲ.

2026ರ ಜನವರಿಯಲ್ಲಿ ಘೋಷಣೆಯಾದ ಇಂಟೆಲ್ ಕೋರ್ ಅಲ್ಟ್ರಾ ಸೀರೀಸ್ 3, ಎಎಂಡಿ ರೈಜನ್ ಎಐ 400 ಚಿಪ್ ಇರುವ ಮಾದರಿಗಳಿಗೇ ಕಾದು ತಗೊಳ್ಳಿ, ಹಳೇ ಸ್ಟಾಕ್ ಯಾಕೆ ಅಂತ ಒಬ್ಬ ಅಂಗಡಿಯವರು. ಹೊಸದು ಬಂದ ಆರು ತಿಂಗಳು ಅದನ್ನ ಮುಟ್ಟಲೇಬೇಡಿ ಅಂತ ಇನ್ನೊಬ್ಬರು. ಆರು ತಿಂಗಳ ಲೆಕ್ಕಕ್ಕೆ ಆಧಾರ ಏನಾದರೂ ಇದೆಯಾ? ಕಾದರೆ ಬೆಲೆ ಇಳಿಯುತ್ತಾ? ತಂದ ಮೇಲೆ ಏನೇನು ಪರೀಕ್ಷೆ ಮಾಡಬೇಕು? ಮಾರ್ಚ್ 31ರ ಒಳಗೆ ತಗೊಂಡರೆ ಈ ವರ್ಷದ ಖರ್ಚಿಗೆ ಬರುತ್ತೆ ಅನ್ನೋದು ನಮ್ಮ ಸರ್ ಲೆಕ್ಕ.

ಹಳೇ_ಮದರ್‌ಬೋರ್ಡ್:

ತಿಂಗಳು ಎಣಿಸುವ ಮೊದಲು, ಹೊಸದು ಅಂತ ಮಾರುತ್ತಿರುವುದರೊಳಗೆ ನಿಜಕ್ಕೂ ಹೊಸದು ಯಾವುದು ಅಂತ ನೋಡಿ. ಚಿಪ್ ಹೊಸದೋ, ಮದರ್‌ಬೋರ್ಡ್ ಮತ್ತು ಕವಚ ಹೊಸದೋ, ವಿಂಡೋಸ್ ಆವೃತ್ತಿ ಹೊಸದೋ, ಅಥವಾ ಬರೀ ಹೆಸರು ಹೊಸದೋ. ಒಂದೊಂದೂ ಸರಿಹೋಗಲು ಬೇರೆ ಬೇರೆ ಸಮಯ ತಗೊಳ್ಳುತ್ತೆ.

ಬರೀ ಹೆಸರು ಹೊಸದಾಗಿರುವುದೇ ಜಾಸ್ತಿ. ಎಎಂಡಿ 7000 ಸರಣಿಯ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಮೂರನೇ ಅಂಕಿ ನೋಡಿದರೆ ಒಳಗಿನ ವಯಸ್ಸು ಗೊತ್ತಾಗುತ್ತೆ: 7320ಯು ಅಂದರೆ ಜೆನ್ 2, 7730ಯು ಜೆನ್ 3, 7840ಯು ಜೆನ್ 4 (ಜೆನ್ ಅನ್ನೋದು ಎಎಂಡಿ ಚಿಪ್ ವಿನ್ಯಾಸದ ಹೆಸರು, ಅಂಕಿ ದೊಡ್ಡದಾದಷ್ಟೂ ಹೊಸದು). 2025ರಲ್ಲಿ ಬಂದ ರೈಜನ್ 7 250 ಕೂಡ ಜೆನ್ 4 ಚಿಪ್ಪೇ. ಇಂಟೆಲ್ ಕೋರ್ 7 240ಎಚ್, ‘ಅಲ್ಟ್ರಾ’ ಅನ್ನೋ ಪದ ಇಲ್ಲದ್ದು, ಒಳಗೆ 13ನೇ ತಲೆಮಾರಿನ ರಾಪ್ಟರ್ ಲೇಕ್. ಇಂಥವುಗಳಿಗೆ ಒಂದು ದಿನವೂ ಕಾಯಬೇಕಿಲ್ಲ, ಡ್ರೈವರ್‌ಗಳೆಲ್ಲ (ಒಂದೊಂದು ಬಿಡಿಭಾಗವನ್ನೂ ವಿಂಡೋಸ್ ಜೊತೆ ಮಾತಾಡಿಸುವ ತಂತ್ರಾಂಶ) ಯಾವಾಗಲೋ ಹದಕ್ಕೆ ಬಂದಿವೆ. ಹೊಸದರ ಬೆಲೆಯನ್ನೂ ಕೊಡಬೇಕಿಲ್ಲ. ನಿಮ್ಮ ಅಂಗಡಿಯವರು ಹೇಳಿದ ಎರಡರಲ್ಲಿ ರೈಜನ್ ಎಐ 400 ಅನ್ನೋದು ಎಐ 300ರದ್ದೇ ಮುಂದುವರಿಕೆ, ಜೆನ್ 5. ಕೋರ್ ಅಲ್ಟ್ರಾ ಸೀರೀಸ್ 3 ಮಾತ್ರ ನಿಜವಾಗಿ ಹೊಸದು. ತಯಾರಿಕೆಯ ವಿಧಾನವೇ ಹೊಸದು (ಇಂಟೆಲ್‌ನ 18ಎ), ಗ್ರಾಫಿಕ್ಸ್ ಭಾಗವೂ ಹೊಸದು. ಕಾಯುವ ಮಾತು ಬಂದರೆ ಅದು ಇದಕ್ಕೆ.

ಹೊಸ ಚಿಪ್, ಹೊಸ ಕವಚ ಎರಡೂ ಸೇರಿದಾಗ ಮೊದಲ ಮೂರು ತಿಂಗಳಲ್ಲಿ ಕಾಣೋ ತೊಂದರೆಗಳು ಬಹುತೇಕ ಒಂದೇ ಜಾತಿಯವು. ಮುಚ್ಚಿಟ್ಟ ಲ್ಯಾಪ್‌ಟಾಪ್ ಬ್ಯಾಗ್‌ನಲ್ಲೇ ಬಿಸಿಯಾಗಿ ಬ್ಯಾಟರಿ ಖಾಲಿ, ನಿದ್ದೆಯಿಂದ (ಸ್ಲೀಪ್ ಮೋಡ್) ಎದ್ದ ಮೇಲೆ ವೈಫೈ ನಾಪತ್ತೆ, ಯುಎಸ್‌ಬಿ-ಸಿ ಮೂಲಕ ಮಾನಿಟರ್ ಮಿನುಗೋದು, ಕೆಲಸ ಇಲ್ಲದಿದ್ದರೂ ಫ್ಯಾನ್ ಸದ್ದು. ಪೆಟ್ಟಿಗೆಯಲ್ಲಿ ಬರುವ ಬಯಾಸ್, ಅಂದರೆ ವಿಂಡೋಸ್‌ಗೂ ಮೊದಲು ಏಳುವ ಮದರ್‌ಬೋರ್ಡಿನ ತಂತ್ರಾಂಶ, ಕಾರ್ಖಾನೆಯಲ್ಲಿ ಎಷ್ಟೋ ವಾರ ಮೊದಲೇ ಕೂರಿಸಿದ್ದು. ಇಂಟೆಲ್, ಎಎಂಡಿಗಳು ಮೂಲ ಫರ್ಮ್‌ವೇರ್ (ಬಿಡಿಭಾಗದೊಳಗೇ ಕೂತಿರುವ ತಂತ್ರಾಂಶ) ತಿದ್ದಿದ ಮೇಲೆ, ಅದನ್ನು ತಮ್ಮ ಮದರ್‌ಬೋರ್ಡಿಗೆ ಒಗ್ಗಿಸಿ ಪರೀಕ್ಷೆ ಮಾಡಿ ಬಿಡೋದು ಲ್ಯಾಪ್‌ಟಾಪ್ ಕಂಪನಿಯ ಕೆಲಸ. ಈ ಎರಡನೇ ಹೆಜ್ಜೆಯೇ ನಿಧಾನ.

ಅದು ಮುಗಿದಿದೆಯಾ ಅಂತ ನೀವೇ ನೋಡಬಹುದು. ಕಂಪನಿಯ ಸಪೋರ್ಟ್ ಪುಟದಲ್ಲಿ ಆ ಮಾದರಿಯ ಬಯಾಸ್ ಪಟ್ಟಿ ತೆರೆಯಿರಿ. ಎರಡು ತಿಂಗಳಲ್ಲಿ ಮೂರ್ನಾಲ್ಕು ಬಯಾಸ್ ಬಂದು, ಟಿಪ್ಪಣಿಯಲ್ಲಿ ನಿದ್ದೆ, ಚಾರ್ಜಿಂಗ್, ಡಾಕ್ (ಒಂದೇ ಕೇಬಲ್‌ಗೆ ಹಲವು ಪೋರ್ಟ್ ಕೊಡುವ ಡಬ್ಬಿ) ಅಂತೆಲ್ಲ ಇದ್ದರೆ ಅನ್ನ ಇನ್ನೂ ಬೆಂದಿಲ್ಲ. ಕೊನೆಯ ಒಂದೆರಡರಲ್ಲಿ ಬರೀ ಭದ್ರತಾ ತಿದ್ದುಪಡಿ ಇದ್ದು, ನಡುವೆ ಆರೆಂಟು ವಾರ ಅಂತರ ಇದ್ದರೆ ತಗೊಳ್ಳಬಹುದು. ಪಟ್ಟಿಯಲ್ಲಿ ಒಂದೇ ಒಂದು ಬಯಾಸ್ ಇದ್ದು ಅದೂ ಬಿಡುಗಡೆಯ ದಿನದ್ದೇ ಆಗಿದ್ದರೆ, ತೊಂದರೆ ಇಲ್ಲ ಅಂತ ಅರ್ಥ ಅಲ್ಲ. ಯಾರೂ ಇನ್ನೂ ನೋಡಿಲ್ಲ ಅಂತ.

ಆದರೆ ಕಾಯೋದರಿಂದ ಯಾವ ದೋಷ ತಪ್ಪುತ್ತೆ, ಯಾವುದು ತಪ್ಪಲ್ಲ ಅನ್ನೋದು ಇದಕ್ಕಿಂತ ಮುಖ್ಯ.

2011ರ ಜನವರಿಯಲ್ಲಿ ಇಂಟೆಲ್‌ನ ಸ್ಯಾಂಡಿ ಬ್ರಿಡ್ಜ್ ಚಿಪ್ ಬಂತು. ಅದೇ ಜನವರಿ 31ಕ್ಕೆ ಅದರ 6 ಸರಣಿಯ ಚಿಪ್‌ಸೆಟ್ ರವಾನೆಯನ್ನು ಕಂಪನಿಯೇ ನಿಲ್ಲಿಸಿತು. ಡಿಸ್ಕ್ ಜೋಡಿಸುವ ಸಾಟಾ ಪೋರ್ಟ್ 2ರಿಂದ 5 ದಿನ ಕಳೆದಂತೆ ದುರ್ಬಲವಾಗುತ್ತಿದ್ದವು. 0 ಮತ್ತು 1ಕ್ಕೆ ಏನೂ ಆಗುತ್ತಿರಲಿಲ್ಲ. ರಿಪೇರಿ, ಬದಲಾವಣೆಗೆ 70 ಕೋಟಿ ಡಾಲರ್ ಖರ್ಚಾಗಬಹುದು ಅಂತ ಅಂದಾಜು ಕೊಟ್ಟರು, ಬಿ3 ಅನ್ನೋ ತಿದ್ದಿದ ಆವೃತ್ತಿ ಬಂತು. ಎರಡು ಮೂರು ತಿಂಗಳು ತಡೆದವರು ಬಚಾವ್.

ಈಗ ಇನ್ನೊಂದು ನೋಡಿ. ಕೀಗಳು ಸಿಕ್ಕಿಕೊಳ್ಳುತ್ತಿದ್ದ ಆಪಲ್‌ನ ‘ಚಿಟ್ಟೆ’ (ಬಟರ್‌ಫ್ಲೈ) ಕೀಬೋರ್ಡ್ ಬಂದದ್ದು 2015ರ 12 ಇಂಚಿನ ಮ್ಯಾಕ್‌ಬುಕ್‌ನಲ್ಲಿ. ಉಚಿತ ರಿಪೇರಿ ಯೋಜನೆ ಬಂದದ್ದು 2018ರ ಜೂನ್‌ನಲ್ಲಿ, ಹಳೆಯ ಕತ್ತರಿ ವಿನ್ಯಾಸ ವಾಪಸ್ ಬಂದದ್ದು 2019ರ ನವೆಂಬರ್‌ನಲ್ಲಿ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್‌ಗಳದ್ದೂ ಇದೇ ಕಥೆ. 13ನೇಯದು ಬಂದದ್ದು 2022ರ ಅಕ್ಟೋಬರ್‌ನಲ್ಲಿ. ವೋಲ್ಟೇಜ್ ವಿಪರೀತ ಏರಿ ಚಿಪ್ ಒಳಗೇ ಸವೆಯುತ್ತಿದೆ ಅಂತ ಪತ್ತೆಯಾಗಿ, 0ಎಕ್ಸ್129 ಮತ್ತು 0ಎಕ್ಸ್12ಬಿ ಮೈಕ್ರೋಕೋಡ್ (ಚಿಪ್ ಒಳಗಿನ ತಂತ್ರಾಂಶದ ತಿದ್ದುಪಡಿ) ಬಂದದ್ದು 2024ರ ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಆರು ತಿಂಗಳಲ್ಲ, ಒಂದೂವರೆ ವರ್ಷ ಕಾದವರೂ ಸಿಕ್ಕಿಬಿದ್ದರು. ಅವರನ್ನು ಕಾಪಾಡಿದ್ದು ವಾರಂಟಿ. ಇಂಟೆಲ್ ಅದನ್ನು ಎರಡು ವರ್ಷ ಹೆಚ್ಚಿಸಿತು. (ಲ್ಯಾಪ್‌ಟಾಪ್ ಚಿಪ್‌ಗಳಿಗೆ ಈ ದೋಷ ಇಲ್ಲ ಅಂತ ಇಂಟೆಲ್ ಹೇಳಿದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.)

ಫರ್ಮ್‌ವೇರ್, ಡ್ರೈವರ್ ದೋಷಕ್ಕೆ ಮೂರು ನಾಲ್ಕು ತಿಂಗಳು ಕಾದರೆ ಸಾಕು. ಸವೆತದ ದೋಷಕ್ಕೆ ಕಾಯುವುದರಿಂದ ಪ್ರಯೋಜನ ಇಲ್ಲ, ಮೂರು ವರ್ಷದ ಆನ್‌ಸೈಟ್ (ಆಫೀಸಿಗೇ ಬಂದು ರಿಪೇರಿ ಮಾಡುವ) ವಾರಂಟಿಗೆ ದುಡ್ಡು ಹಾಕಿ. ಆಫೀಸಿಗೆ ಅಂದಮೇಲೆ ಬಿಸಿನೆಸ್ ಸರಣಿಯನ್ನೇ ನೋಡಿ. ಅದೇ ಚಿಪ್ಪಿಗೆ ಸ್ವಲ್ಪ ಜಾಸ್ತಿ ಬೆಲೆ, ಆದರೆ ಬಿಡಿಭಾಗ ಸಿಗುತ್ತೆ, ಬಯಾಸ್ ವರ್ಷಗಟ್ಟಲೆ ಬರುತ್ತೆ.

ಸಿಲ್ಕ್‌ಬೋರ್ಡ್_ಸಿಗ್ನಲ್:

ಇಷ್ಟೆಲ್ಲಾ ಯೋಚನೆ ಮಾಡ್ತಾ ಕೂತ್ರೆ ಇನ್ನೊಂದು ಮಾಡೆಲ್ ಬಂದಿರುತ್ತೆ ಗುರು. ಬೇಕು ಅಂದ್ರೆ ತಗೊಳ್ಳಿ, ಕೆಟ್ರೆ ವಾಪಸ್ ಕೊಡಿ.

ಪಟ್ರಪ್ಪ_ಗಲ್ಲಿ:

ವಾಪಸ್ ಯಾರ್ ತಗೋತಾರೆ ಗುರು? ಆನ್‌ಲೈನ್‌ನಲ್ಲಿ ಲ್ಯಾಪ್‌ಟಾಪ್‌ಗೆ ಸಾಮಾನ್ಯವಾಗಿ ಏಳು ದಿನದ ಬದಲಾವಣೆ ಮಾತ್ರ, ದುಡ್ಡು ವಾಪಸ್ ಅಲ್ಲ. ಅದೂ ಕಂಪನಿಯ ಟೆಕ್ನೀಷಿಯನ್ ನೋಡಿ ದೋಷ ಇದೆ ಅಂತ ಬರ್ಕೊಟ್ಟ ಮೇಲೆ. ಎಸ್.ಪಿ. ರೋಡ್‌ನಲ್ಲಿ (ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ) ಸೀಲ್ ಒಡೆದ ಮೇಲೆ ಅಂಗಡಿಯವ್ರು ತೋರ್ಸೋದು ಸರ್ವೀಸ್ ಸೆಂಟರ್ ದಾರಿ. ಕೊಳ್ಳೋಕ್ ಮುಂಚೆನೇ ಕೇಳಿ: ಆನ್ ಆಗ್ಲಿಲ್ಲ ಅಂದ್ರೆ ಎಷ್ಟು ದಿನದೊಳಗೆ ಹೊಸ ಪೀಸ್ ಕೊಡ್ತೀರಾ? ಬಾಯಲ್ಲಿ ಹೇಳಿದ್ದು ಬೇಡ, ಬಿಲ್ ಮೇಲೆ ಬರೆಸ್ಕೊಳ್ಳಿ. ಮಾತಿಗೆ ತಪ್ಪಿದ್ರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುವಾಗ ಆ ಬಿಲ್ಲೇ ಆಧಾರ.

ಬೆಲೆ ವಿಚಾರ. ಹೊಸ ಮಾದರಿ ಬಂದ್ಮೇಲೆ ಹಳೇದು ಇಳಿಯುತ್ತೆ, ಆಮೇಲೆ ದಸರಾ-ದೀಪಾವಳಿ ಸೇಲ್‌ನಲ್ಲಿ ಹೊಸದೂ ಇಳಿಯುತ್ತೆ ಅನ್ನೋದು ಇಷ್ಟು ವರ್ಷ ನಡೆದ ಲೆಕ್ಕ. ಈ ಸಲ ನಂಬ್ಬೇಡಿ. 2025ರ ಕೊನೇಲಿ ರ‍್ಯಾಮ್ ಬೆಲೆ ಹಾರಿಬಿಟ್ಟಿದೆ. ಮೆಮೊರಿ ಕಾರ್ಖಾನೆಗಳೆಲ್ಲ ಎಐ ಸರ್ವರ್‌ಗಳ ಕಡೆ ತಿರುಗಿವೆ. ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನ ಕ್ರೂಶಿಯಲ್ ಬ್ರ್ಯಾಂಡಿನ ಚಿಲ್ಲರೆ ವ್ಯಾಪಾರನೇ ಮುಚ್ತೀವಿ ಅಂತ ಹೇಳಿಬಿಡ್ತು. ಹಳೇ ರೇಟಿನ ರ‍್ಯಾಮ್ ಹಾಕಿ ತಯಾರಾದ ಸ್ಟಾಕ್ ಅಂಗಡೀಲಿ ಇರೋವರೆಗೆ ಹೋದ ವರ್ಷದ ಮಾದರಿಗೇ ಲಾಭ. ಅದು ಖಾಲಿಯಾದ್ಮೇಲೆ ಬರೋ ಲಾಟ್‌ಗೆ ಅದೇ ಬೆಲೆ ಇರುತ್ತೆ ಅಂತ ಯಾರೂ ಗ್ಯಾರಂಟಿ ಕೊಡಲ್ಲ.

ಇದರ ಜೊತೆಗೆ ಹಳೇ ಉಪಾಯ ಒಂದು ಕೈಕೊಟ್ಟಿದೆ. 8 ಜಿಬಿ ತಗೊಂಡು ಆಮೇಲೆ ಎಸ್.ಪಿ. ರೋಡ್‌ನಲ್ಲಿ ಒಂದು ಸ್ಟಿಕ್ ಹಾಕಿಸ್ಕೊಳ್ಳೋದು. ಈಗ ಹಂಗೆ ಮಾಡಿದ್ರೆ ಉಳಿಸಿದ್ದೆಲ್ಲ ಅಲ್ಲೇ ಹೋಗುತ್ತೆ. ಮೊದಲೇ 16 ಜಿಬಿ ಇರೋದನ್ನೇ ತಗೊಳ್ಳಿ. ಸ್ಲಾಟ್ ಇದ್ಯಾ ಅಥವಾ ಬೋರ್ಡಿಗೇ ಬೆಸುಗೆ ಹಾಕಿದ್ದಾರಾ ಕೇಳಿ. ಕೋರ್ ಅಲ್ಟ್ರಾ 258ವಿ ಥರ ಕೊನೇಲಿ ‘ವಿ’ ಇರೋ ಚಿಪ್‌ಗಳಲ್ಲಿ ರ‍್ಯಾಮ್ ಚಿಪ್ಪಿನ ಮೈಮೇಲೇ ಕೂತಿರುತ್ತೆ, 16 ಅಥವಾ 32. ಮುಂದೆ ಏರಿಸೋ ಮಾತೇ ಇಲ್ಲ.

ಜಿಎಸ್‌ಟಿ ಇಳಿದಿದೆ, ಅದಕ್ಕೆ ಈ ರೇಟ್ ಅಂತ ಯಾರಾದ್ರೂ ಹೇಳಿದ್ರೆ ನಗ್ಬೇಡಿ ಅಷ್ಟೆ. 2025ರ ಸೆಪ್ಟೆಂಬರ್ 22ಕ್ಕೆ ಇಳಿದಿದ್ದು ಎಸಿ, 32 ಇಂಚಿಗಿಂತ ದೊಡ್ಡ ಟಿವಿ, ಮಾನಿಟರ್, 28ರಿಂದ 18ಕ್ಕೆ. ಲ್ಯಾಪ್‌ಟಾಪ್ ಆಗಲೂ ಶೇ 18, ಈಗಲೂ 18.

ಅಂಗಡೀಲಿ ದುಡ್ಡು ಕೊಡೋಕ್ ಮುಂಚೆ ಪೆಟ್ಟಿಗೆ ಮೇಲಿನ ಸೀರಿಯಲ್ ನಂಬರ್ ಹಾಕಿ ಕಂಪನಿ ಸೈಟ್‌ನಲ್ಲಿ ವಾರಂಟಿ ನೋಡಿ. ಕೆಲವು ಕಂಪನಿಗಳಲ್ಲಿ ಗೋದಾಮಿಂದ ಹೊರಟ ದಿನದಿಂದಲೇ ಎಣಿಕೆ ಶುರುವಾಗಿರುತ್ತೆ. ಬಿಲ್ ಅಪ್‌ಲೋಡ್ ಮಾಡಿದ್ರೆ ತಿದ್ತಾರೆ, ಆದ್ರೆ ಆ ಕೆಲಸ ಕೊಂಡ ವಾರದಲ್ಲೇ ಮಾಡಿ. ಪೆಟ್ಟಿಗೆ ಮೇಲೆ ತಯಾರಿಕೆಯ ತಿಂಗಳು ಕಡ್ಡಾಯವಾಗಿ ಇರುತ್ತೆ. ಹತ್ತು ಹನ್ನೆರಡು ತಿಂಗಳು ಹಿಂದಿನದಾದ್ರೆ ಬ್ಯಾಟರಿ ಅಷ್ಟೂ ದಿನ ಸುಮ್ನೆ ಕೂತಿದೆ ಅಂತ, ಚೌಕಾಸಿಗೆ ಒಳ್ಳೇ ಕಾರಣ. ಡಿಸ್‌ಪ್ಲೇ ಪೀಸ್ ಎಷ್ಟೇ ಕಮ್ಮಿಗೆ ಕೊಟ್ರೂ ಬೇಡ.

ಟೋಕನ್_ತುಂಡು:

ಲೆಡ್ಜರ್ ಸರ್, ನಿಮ್ಮ ಬಜೆಟ್‌ನಲ್ಲಿ ಸ್ನ್ಯಾಪ್‌ಡ್ರಾಗನ್ ಲ್ಯಾಪ್‌ಟಾಪ್‌ಗಳೂ ಎದುರಾಗುತ್ತವೆ. ಬ್ಯಾಟರಿ ಚೆನ್ನಾಗಿದೆ, ತೂಕ ಕಡಿಮೆ ಅಂತ ಅಂಗಡಿಯಲ್ಲಿ ತೋರಿಸುತ್ತಾರೆ. ತೆರಿಗೆ ಕೆಲಸದ ಆಫೀಸಿಗೆ ಅದು ಬೇಡ, ಎಷ್ಟು ತಿಂಗಳು ಕಾದರೂ ಬೇಡ.

ಈಗ ಸಿಗುವ ಸ್ನ್ಯಾಪ್‌ಡ್ರಾಗನ್ ಎಕ್ಸ್ ಸರಣಿ 2024ರ ಜೂನ್‌ನಿಂದ ಬರುತ್ತಿರುವ ಆರ್ಮ್ ಚಿಪ್‌ಗಳು, ಅಂದರೆ ಇಂಟೆಲ್, ಎಎಂಡಿಗೆ ಬರೆದ ಪ್ರೋಗ್ರಾಂ ಇವುಗಳಿಗೆ ನೇರವಾಗಿ ಅರ್ಥವಾಗುವುದಿಲ್ಲ. ಸಾಮಾನ್ಯ ಪ್ರೋಗ್ರಾಂಗಳನ್ನು ವಿಂಡೋಸ್‌ನ ಪ್ರಿಸಂ ಅನ್ನುವ ಪದರ ಅನುವಾದ ಮಾಡಿ ನಡೆಸುತ್ತದೆ, ಅದು ಚೆನ್ನಾಗಿಯೇ ನಡೆಯುತ್ತದೆ. ಡ್ರೈವರ್‌ಗಳಿಗೆ ಆ ಅನುವಾದ ಇಲ್ಲ, ಆರ್ಮ್‌ಗೆಂದೇ ಬರೆದದ್ದು ಬೇಕು. ನಿಮ್ಮ ಹಳೆಯ ಯುಎಸ್‌ಬಿ ಲೇಸರ್ ಪ್ರಿಂಟರ್‌ಗೆ ಕಂಪನಿ ಈಗ ಹೊಸ ಡ್ರೈವರ್ ಬರೆದುಕೊಡುವುದಿಲ್ಲ. ಪುಟವನ್ನು ಕಂಪ್ಯೂಟರ್‌ನಲ್ಲೇ ಚಿತ್ರ ಮಾಡಿ ಕಳಿಸುವ ಅಗ್ಗದ ಪ್ರಿಂಟರ್ ಆಗಿದ್ದರೆ ಸಾಮಾನ್ಯ ಡ್ರೈವರ್‌ನಲ್ಲೂ ನಡೆಯುವುದಿಲ್ಲ.

ಡಿಎಸ್‌ಸಿ ಇನ್ನೂ ಸೂಕ್ಷ್ಮ. ಟೋಕನ್ ಡ್ರೈವರ್, ಅದರ ಡಿಎಲ್‌ಎಲ್ ಫೈಲ್ (ಬೇರೆ ಪ್ರೋಗ್ರಾಂ ಒಳಗೆ ಸೇರಿ ನಡೆಯುವ ತುಂಡು), ಎಂಸೈನರ್ (ಪೋರ್ಟಲ್‌ನಲ್ಲಿ ಸಹಿ ಹಾಕಿಸುವ ತಂತ್ರಾಂಶ), ಬ್ರೌಸರ್ ನಾಲ್ಕೂ ಒಂದಕ್ಕೊಂದು ಮಾತಾಡಬೇಕು. ಆರ್ಮ್ ಬ್ರೌಸರ್ ಒಳಗೆ ಇಂಟೆಲ್‌ಗೆ ಬರೆದ ಡಿಎಲ್‌ಎಲ್ ಕೂರುವುದಿಲ್ಲ. ಅರ್ಧ ಕೆಲಸ ಮಾಡಿ ರಿಟರ್ನ್‌ನ ಕೊನೆಯ ದಿನ ‘ಸರ್ಟಿಫಿಕೇಟ್ ಸಿಗಲಿಲ್ಲ’ ಅಂದರೆ ಯಾರನ್ನು ಕೇಳುತ್ತೀರಿ? ಟೋಕನ್ ಮಾರಿದವರು ಆರ್ಮ್ ಮೇಲೆ ನಡೆಯುತ್ತದೆ ಅಂತ ಇಮೇಲ್‌ನಲ್ಲಿ ಬರೆದುಕೊಟ್ಟರೆ ಮಾತ್ರ ಆ ಕಡೆ ಯೋಚಿಸಿ.

ನುಡಿ ಪತ್ರಗಳ ಬಗ್ಗೆ ಭಯ ಬೇಡ. ನುಡಿ 01 ಇ ಥರದ ಫಾಂಟ್ ಹಾಕಿಕೊಂಡರೆ ಹಳೆಯ ಕಡತ ಯಾವ ಚಿಪ್ ಮೇಲಾದರೂ ತೆರೆಯುತ್ತದೆ. ಟೈಪ್ ಮಾಡುವ ಭಾಗವನ್ನು ಮಾತ್ರ ಹೊಸ ವಿಂಡೋಸ್‌ನಲ್ಲಿ, ನಿಮ್ಮ ವರ್ಡ್ ಒಳಗೇ, ಒತ್ತಕ್ಷರಗಳ ಸಮೇತ ಟೈಪ್ ಮಾಡಿ ನೋಡಿ. ಹೊಸ ಪತ್ರಗಳನ್ನಾದರೂ ಯೂನಿಕೋಡ್‌ನಲ್ಲಿ ಬರೆಯಲು ಇದು ಒಳ್ಳೆಯ ಸಮಯ.

ಇನ್ನು ಮಾರ್ಚ್ 31. ನಿಮ್ಮ ಸರ್‌ಗೆ ಹೇಳಬೇಕಿಲ್ಲ, ಆದರೂ: ಕಂಪ್ಯೂಟರ್ ಸವಕಳಿ ದರ ಶೇ 40 ನಿಜ, ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ, ಅಂದರೆ ಶೇ 20 ಮಾತ್ರ. 85 ಸಾವಿರದ ಯಂತ್ರಕ್ಕೆ ಈ ವರ್ಷ ಸಿಗುವ ಸವಕಳಿ 17 ಸಾವಿರ, ಉಳಿಯುವ ತೆರಿಗೆ ಅದರಲ್ಲೊಂದು ಪಾಲು. ಬಿಲ್‌ನಲ್ಲಿ ಆಫೀಸಿನ ಜಿಎಸ್‌ಟಿ ನಂಬರ್ ಇದ್ದು ಇನ್‌ಪುಟ್ ಕ್ರೆಡಿಟ್ ತಗೊಂಡರೆ ಆ ತೆರಿಗೆ ಭಾಗ ಬಿಟ್ಟು ಉಳಿದದ್ದಕ್ಕಷ್ಟೇ ಸವಕಳಿ. ಇಷ್ಟಕ್ಕಾಗಿ ವರ್ಷಾಂತ್ಯದ ಗಡಿಬಿಡಿಯಲ್ಲಿ ಮೂರೂ ಯಂತ್ರ ಬದಲಾಯಿಸಲು ಹೋಗಬೇಡಿ.

ರಾಜಾಜಿನಗರ_ಲೆಡ್ಜರ್:

ತುಂಬಾ ಉಪಯೋಗ ಆಯ್ತು. ಟೋಕನ್ ಮೇಡಂ ಹೇಳಿದ ಸವಕಳಿ ಲೆಕ್ಕ ಸರ್‌ಗೆ ತೋರಿಸಿದೆ, ಸುಮ್ಮನಾದರು. ಹಾಗಾದರೆ ಹೋದ ವರ್ಷದ ಕೋರ್ ಅಲ್ಟ್ರಾ ಅಥವಾ ರೈಜನ್ ಎಐ 300, 16 ಜಿಬಿ, ಬಿಸಿನೆಸ್ ಸರಣಿ ಅಂತ ಇಟ್ಟುಕೊಳ್ತೀವಿ. ಈಗ ಒಂದು, ಏಪ್ರಿಲ್‌ನಲ್ಲಿ ಎರಡು ತಗೊಂಡರೆ? ಅಲ್ಲಿವರೆಗೆ ವಿಂಡೋಸ್ 10ರಲ್ಲಿ ಇರೋದು ಅಪಾಯ ಅಲ್ವಾ? ಏಳು ದಿನದಲ್ಲಿ ಏನೇನು ನೋಡಬೇಕು ಅಂತ ಯಾರಾದರೂ ಬರೆದರೆ ಪ್ರಿಂಟ್ ತೆಗೆದು ಇಟ್ಕೊಳ್ತೀನಿ.

ಹಳೇ_ಮದರ್‌ಬೋರ್ಡ್:

ಒಂದು ಮೊದಲು, ಎರಡು ಆಮೇಲೆ. ಸರಿಯಾದ ದಾರಿ. ಆ ಒಂದರಲ್ಲಿ ಒಂದು ಜಿಎಸ್‌ಟಿ ತಿಂಗಳು ಪೂರ್ತಿ ಕೆಲಸ ಆಗಲಿ. ಎರಡನೇ ಸುತ್ತಿನಲ್ಲಿ ಅದೇ ಮಾದರಿಯ ಅದೇ ಪಾರ್ಟ್ ನಂಬರ್ ಕೇಳಿ. ಹೆಸರು ಒಂದೇ ಇದ್ದರೂ ಪಾರ್ಟ್ ನಂಬರ್ ಬೇರೆಯಾದರೆ ಒಳಗಿನ ವೈಫೈ ಕಾರ್ಡ್, ಪರದೆ, ಎಸ್‌ಎಸ್‌ಡಿ ಬೇರೆ ಇರಬಹುದು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಗೆ ಸೇರಿಕೊಂಡರೆ 2026ರ ಅಕ್ಟೋಬರ್‌ವರೆಗೆ ಬರುತ್ತೆ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಅದರ ಕೊಂಡಿ ಇದೆ. ಆಫೀಸ್ ಡೊಮೇನ್‌ಗೆ ಸೇರಿಸಿದ ಯಂತ್ರಕ್ಕೆ ಮನೆಬಳಕೆಯ ಆ ಯೋಜನೆ ಸಿಗಲ್ಲ.

ಏಳು ದಿನದ ಕೆಲಸ ಈ ಕ್ರಮದಲ್ಲಿ ಮಾಡಿ, ಕ್ರಮಕ್ಕೆ ಕಾರಣ ಇದೆ.

ಪೆಟ್ಟಿಗೆ ಒಡೆಯೋದನ್ನು ಸೀಲ್ ಕಾಣುವ ಹಾಗೆ, ಕಟ್ ಇಲ್ಲದೆ ವಿಡಿಯೋ ಮಾಡಿ. ಪೆಟ್ಟಿಗೆ, ಲ್ಯಾಪ್‌ಟಾಪ್‌ನ ತಳ, ಬಯಾಸ್ ಮೂರರಲ್ಲೂ ಸೀರಿಯಲ್ ನಂಬರ್ ಒಂದೇ ಇರಬೇಕು.

ಆನ್ ಮಾಡಿದ ಮೊದಲ ಗಂಟೆಯಲ್ಲೇ ಬ್ಯಾಟರಿ ವರದಿ. ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ, ಒಂದು ಸ್ಪೇಸ್, ಸ್ಲ್ಯಾಶ್, ಬ್ಯಾಟರಿರಿಪೋರ್ಟ್. ಬರೋ ಪುಟದಲ್ಲಿ ‘ಡಿಸೈನ್ ಕೆಪ್ಯಾಸಿಟಿ’, ‘ಫುಲ್ ಚಾರ್ಜ್ ಕೆಪ್ಯಾಸಿಟಿ’ ಹೋಲಿಸಿ. ಹೊಸದರಲ್ಲಿ ಎರಡೂ ಹೆಚ್ಚುಕಡಿಮೆ ಸಮ ಇರಬೇಕು, ಸೈಕಲ್ (ಚಾರ್ಜ್ ಆದ ಸುತ್ತು) ಸಂಖ್ಯೆ ಒಂದಂಕಿಯಲ್ಲಿರಬೇಕು. ಪೂರ್ತಿ ಚಾರ್ಜ್ ಮಾಡಿದ ಮೇಲೂ ಎರಡನೆಯದು ಶೇ 90ಕ್ಕಿಂತ ಕೆಳಗಿದ್ದರೆ ಬದಲಾಯಿಸಿ ಅಂತ ಕೇಳಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ತಂತ್ರಾಂಶದಲ್ಲಿ ಎಸ್‌ಎಸ್‌ಡಿ ಎಷ್ಟು ಗಂಟೆ ಓಡಿದೆ ಅಂತ ನೋಡಿ. ಹತ್ತಿಪ್ಪತ್ತು ಗಂಟೆ ಪರವಾಗಿಲ್ಲ, ನೂರಾರು ಇದ್ದರೆ ಅದು ಹೊಸ ಯಂತ್ರ ಅಲ್ಲ.

ಆಮೇಲೆ ಅಪ್‌ಡೇಟ್. ಇಲ್ಲಿ ತುಂಬಾ ಜನ ಎಡವುತ್ತಾರೆ. ಈಗಿನ ವಿಂಡೋಸ್ 11 ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಲಾಗಿನ್ ಆದ ಕೂಡಲೇ ಡಿಸ್ಕನ್ನು ತಾನಾಗೇ ಗೂಢಲಿಪಿ ಮಾಡಿಬಿಡುತ್ತೆ. ಬಯಾಸ್ ಬದಲಾದರೆ ಬೂಟ್ ಆಗುವಾಗ ಬಿಟ್‌ಲಾಕರ್‌ನ (ಆ ಗೂಢಲಿಪಿ ವ್ಯವಸ್ಥೆಯ ಹೆಸರು) 48 ಅಂಕಿಯ ಕೀ ಕೇಳಬಹುದು. ಅದಿಲ್ಲದಿದ್ದರೆ ಡೇಟಾ ಹೋದ ಹಾಗೇ. ಮೊದಲು ಅಕೌಂಟ್‌ನಲ್ಲಿ ಕೀ ಸೇವ್ ಆಗಿದೆಯಾ ನೋಡಿ, ಕಾಗದದ ಮೇಲೂ ಬರೆದು ಬೀರುವಿನಲ್ಲಿಡಿ. ಆಮೇಲೆ ಬಿಟ್‌ಲಾಕರ್ ಸಸ್ಪೆಂಡ್ ಮಾಡಿ, ಚಾರ್ಜರ್ ಹಾಕಿ, ಬ್ಯಾಟರಿ ಅರ್ಧಕ್ಕಿಂತ ಜಾಸ್ತಿ ಇರುವಾಗ ಬಯಾಸ್ ಏರಿಸಿ. ಬೆಸ್ಕಾಂ ಕರೆಂಟ್ ತೆಗೆದರೂ ಬ್ಯಾಟರಿ ಕಾಯುತ್ತೆ, ನಡುವೆ ಪವರ್ ಬಟನ್ ಮಾತ್ರ ಮುಟ್ಟಬೇಡಿ. ಪರದೆ ಐದು ನಿಮಿಷ ಕಪ್ಪಾಗಿದ್ದರೂ ಸುಮ್ಮನಿರಿ. ಬಯಾಸ್ ಆದ ಮೇಲೆ ಡ್ರೈವರ್‌ಗಳು, ಕೊನೆಗೆ ವಿಂಡೋಸ್ ಅಪ್‌ಡೇಟ್. ಪರೀಕ್ಷೆಗಳನ್ನು ಇದಾದ ಮೇಲೇ ಮಾಡಬೇಕು, ಇಲ್ಲದಿದ್ದರೆ ಆಗಲೇ ಸರಿಹೋಗಿರುವ ದೋಷಕ್ಕೆ ದೂರು ಕೊಟ್ಟು ಏಳು ದಿನ ಕಳೆಯುತ್ತೀರಿ.

ನಿದ್ದೆ ಪರೀಕ್ಷೆ: ರಾತ್ರಿ ಶೇ 80 ಚಾರ್ಜ್‌ನಲ್ಲಿ, ಚಾರ್ಜರ್ ತೆಗೆದು, ಮುಚ್ಚಿಡಿ. ಎಂಟು ಗಂಟೆಗೆ ಶೇ 10ಕ್ಕಿಂತ ಜಾಸ್ತಿ ಇಳಿದರೆ ಯಾವುದೋ ಡ್ರೈವರ್ ಎಚ್ಚರವಾಗೇ ಇದೆ. ಪವರ್‌ಸಿಎಫ್‌ಜಿ ಮುಂದೆ ಸ್ಲ್ಯಾಶ್ ಸ್ಲೀಪ್‌ಸ್ಟಡಿ ಹಾಕಿದರೆ ಯಾವುದು ಅಂತ ಹೆಸರು ಸಮೇತ ತೋರಿಸುತ್ತೆ.

ಬಿಸಿ ಪರೀಕ್ಷೆ: ಚಿಪ್ಪಿಗೆ ಪೂರ್ತಿ ಕೆಲಸ ಕೊಡುವ ಸಿನೆಬೆಂಚ್ ಅನ್ನು ಹತ್ತು ನಿಮಿಷದ ಸುತ್ತಿನಲ್ಲಿ ಓಡಿಸಿ, ಪಕ್ಕದಲ್ಲಿ ಬಿಸಿ, ವೇಗ ತೋರಿಸುವ ಎಚ್‌ಡಬ್ಲ್ಯೂಇನ್ಫೋ ತೆರೆದಿಡಿ. ವೇಗ ಸ್ವಲ್ಪ ಇಳಿಯೋದು ಸಹಜ. ಯಂತ್ರ ಬಂದ್ ಆಗೋದು, ಇಲ್ಲ ಫ್ಯಾನ್‌ನಿಂದ ಕಟಕಟ ಸದ್ದು ಬರೋದು ಸಹಜ ಅಲ್ಲ. ವಿಮರ್ಶಕರು ಎಸಿ ಕೋಣೆಯಲ್ಲಿ ಅಳೆದಿರುತ್ತಾರೆ, ನಿಮ್ಮ ಆಫೀಸಿನ ಏಪ್ರಿಲ್ ಮಧ್ಯಾಹ್ನ ಬೇರೆ. ರಾತ್ರಿಯಿಡೀ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86, ಉಚಿತ ಆವೃತ್ತಿಯ ನಾಲ್ಕು ಸುತ್ತು ಸಾಕು. ಒಂದೇ ಒಂದು ತಪ್ಪು ಬಂದರೂ ಬದಲಾವಣೆ, ಅದರಲ್ಲಿ ಚರ್ಚೆ ಇಲ್ಲ. ಎಕ್ಸೆಲ್ ಫೈಲ್ ಕೆಡೋದು ಇಂಥ ಕಡೆಯಿಂದಲೇ.

ಉಳಿದ ದಿನಗಳಲ್ಲಿ ನಿಮ್ಮ ನಿಜವಾದ ಕೆಲಸ: ಜಿಎಸ್‌ಟಿ ಪೋರ್ಟಲ್‌ನಲ್ಲಿ ಟೋಕನ್ ಹಾಕಿ ಸಹಿ, ಪ್ರಿಂಟರ್‌ಗೆ ಟ್ಯಾಲಿಯಿಂದ ಒಂದು ಇನ್‌ವಾಯ್ಸ್, ಪ್ರತಿ ಪೋರ್ಟ್‌ಗೂ ಪೆನ್‌ಡ್ರೈವ್. ಆರನೇ ದಿನ ಸ್ಟಾರ್ಟ್‌ನಲ್ಲಿ ರಿಲಯಬಿಲಿಟಿ ಅಂತ ಹುಡುಕಿ ಚರಿತ್ರೆ ತೆರೆಯಿರಿ, ಕೆಂಪು ಗುರುತುಗಳೆಲ್ಲ ದಿನಾಂಕದೊಂದಿಗೆ ಇರುತ್ತವೆ. ಅದರ ಸ್ಕ್ರೀನ್‌ಶಾಟ್ ತೋರಿಸಿದರೆ ಟೆಕ್ನೀಷಿಯನ್ ಜೊತೆ ವಾದ ಕಡಿಮೆ.

ಇನ್ನೊಂದು: ಲೋಹದ ಮೈಯ ಲ್ಯಾಪ್‌ಟಾಪ್ ಚಾರ್ಜ್ ಆಗುವಾಗ ಕೈಗೆ ಜುಂ ಅನ್ನೋದು ಸಾಮಾನ್ಯವಾಗಿ ಅದರ ದೋಷ ಅಲ್ಲ. ಎರಡು ಪಿನ್ ಅಡಾಪ್ಟರ್, ಇಲ್ಲ ಹಳೆಯ ಕಟ್ಟಡದ ಅರ್ಥಿಂಗ್. ಮೂರು ಪಿನ್ ಕೇಬಲ್ ಹಾಕಿ, ಆಮೇಲೂ ಇದ್ದರೆ ಎಲೆಕ್ಟ್ರಿಷಿಯನ್ ಕರೆಸಿ.

ಸಿಇಟಿ_ಅಪ್ಪ:

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ಮಗಳಿಗೆ ಈ ವರ್ಷ ಇಂಜಿನಿಯರಿಂಗ್. ಅವಳಿಗೂ ಈಗಲೇ ತಗೋಬೇಕಾ? ಎಸ್‌ಎಸ್‌ಡಿ, ಫೋನ್‌ಗೂ ಇದೇ ಕಾಯೋ ನಿಯಮವಾ?

ಪಟ್ರಪ್ಪ_ಗಲ್ಲಿ:

ಬೇಡ ಸರ್. ಸೀಟ್ ಆಗ್ಲಿ, ಬ್ರ್ಯಾಂಚ್ ಗೊತ್ತಾಗ್ಲಿ. ಮೆಕ್ಯಾನಿಕಲ್, ಸಿವಿಲ್ ಆದ್ರೆ ಪ್ರತ್ಯೇಕ ಗ್ರಾಫಿಕ್ಸ್ ಬೇಕಾಗ್ಬಹುದು, ಸಿಎಸ್ ಆದ್ರೆ ಆ ದುಡ್ಡು ರ‍್ಯಾಮ್‌ಗೆ ಹಾಕ್ಬಹುದು. ಗ್ರಾಫಿಕ್ಸ್ ಇರೋದು ತಗೊಂಡ್ರೆ ವ್ಯಾಟ್ ಕೇಳಿ. ಲ್ಯಾಪ್‌ಟಾಪ್‌ನ ಆರ್‌ಟಿಎಕ್ಸ್ 4060 ಅನ್ನೋದು 35 ವ್ಯಾಟ್‌ನಿಂದ 115ರವರೆಗೆ ಯಾವುದಾದ್ರೂ ಆಗಿರ್ಬಹುದು, ಹೆಸರು ಒಂದೇ. ಆಪಲ್ ಬೇಕಿದ್ರೆ ಜೂನ್ ಸುಮಾರಿಗೆ ವಿದ್ಯಾರ್ಥಿಗಳ ಕೊಡುಗೆ ಬರುತ್ತೆ, ಕಾಲೇಜ್ ಐಡಿ ಇಟ್ಕೊಂಡು ನೋಡಿ.

ಎಸ್‌ಎಸ್‌ಡಿಗೂ ಫರ್ಮ್‌ವೇರ್ ಕಾಟ ಇದೆ. ಸ್ಯಾಮ್‌ಸಂಗ್ 990 ಪ್ರೊ ಬಂದ ಹೊಸದರಲ್ಲಿ ಆರೋಗ್ಯದ ಶೇಕಡಾವಾರು ಸರಸರ ಇಳೀತಿತ್ತು, 2023ರ ಆರಂಭದಲ್ಲಿ ಫರ್ಮ್‌ವೇರ್ ಕೊಟ್ಟು ನಿಲ್ಲಿಸಿದ್ರು. ಹಳೇ ಎಸ್‌ಎಸ್‌ಡಿ, ಹೊಸ ವಿಂಡೋಸ್ ಸೇರಿದ್ರೂ ಕಷ್ಟ: 2024ರ ಅಕ್ಟೋಬರ್‌ನಲ್ಲಿ ವಿಂಡೋಸ್ 11ರ 24ಎಚ್2 ಬಂದಾಗ, ವೆಸ್ಟರ್ನ್ ಡಿಜಿಟಲ್ ಎಸ್‌ಎನ್770, ಎಸ್‌ಎನ್580ರ 2 ಟಿಬಿ ಮಾದರಿಗಳು ನೀಲಿ ಪರದೆ ತೋರಿಸ್ತಿದ್ವು. ಡಿಸ್ಕ್ ಎರವಲು ಪಡೆಯೋ ರ‍್ಯಾಮನ್ನ ವಿಂಡೋಸ್ 64 ಎಂಬಿ ಬದಲು 200 ಎಂಬಿ ಕೊಡೋಕೆ ಶುರು ಮಾಡಿದ್ದೇ ಕಾರಣ. ಡಿಸ್ಕ್ ಫರ್ಮ್‌ವೇರ್ ಏರಿಸಿದ್ಮೇಲೆ ಸರಿ ಹೋಯ್ತು. ಅದಕ್ಕೇ ವಿಂಡೋಸ್‌ನ ವಾರ್ಷಿಕ ದೊಡ್ಡ ಅಪ್‌ಡೇಟ್ ಬಂದ ದಿನವೇ ಹಾಕ್ಕೋಬೇಡಿ. ತಿಂಗಳ ಭದ್ರತಾ ಅಪ್‌ಡೇಟ್ ಮಾತ್ರ ತಪ್ಪಿಸ್ಬೇಡಿ. ಫೋನ್‌ಗೆ ಒಂದೆರಡು ಸಿಸ್ಟಮ್ ಅಪ್‌ಡೇಟ್ ಬರೋವರೆಗೆ ತಡೆದ್ರೆ ಸಾಕು.

ರಾಜಾಜಿನಗರ_ಲೆಡ್ಜರ್:

ಕೊನೆಯದು. ಮಾನಿಟರ್‌ನಲ್ಲಿ ಎಚ್‌ಡಿಎಂಐ, ಯುಎಸ್‌ಬಿ-ಸಿ ಎರಡೂ ಇದೆ. ಅಂಗಡಿಯವರು ಡಾಕ್ ಬೇಕೇ ಬೇಕು ಅಂತಾರೆ. ಒಂದೇ ಯುಎಸ್‌ಬಿ-ಸಿ ಕೇಬಲ್‌ನಲ್ಲಿ ಚಾರ್ಜ್, ಚಿತ್ರ ಎರಡೂ ಆಗುತ್ತೆ ಅಂತ ಕೇಳಿದ್ದೆ.

ಟೋಕನ್_ತುಂಡು:

ಒಂದು ಮಾನಿಟರ್‌ಗೆ ಡಾಕ್ ಬೇಡ. ಹೊಸ ಯಂತ್ರಗಳಲ್ಲಿ ಮಾನಿಟರ್ ಮಿನುಗುವ ದೂರುಗಳಲ್ಲಿ ಡಾಕ್ ನಡುವೆ ಇರುವವೇ ಹೆಚ್ಚು, ದೋಷ ಯಾವುದರದ್ದು ಅಂತ ಹುಡುಕಲು ಕಷ್ಟ. ಮೊದಲ ವಾರ ಎಚ್‌ಡಿಎಂಐ ನೇರ ಹಾಕಿ ಪರೀಕ್ಷೆ ಮುಗಿಸಿ.

ಆಮೇಲೆ ಒಂದೇ ಕೇಬಲ್ ಬೇಕಿದ್ದರೆ ಮೂರು ನೋಡಿಕೊಳ್ಳಿ. ಲ್ಯಾಪ್‌ಟಾಪ್‌ನ ಆ ಪೋರ್ಟ್‌ನಲ್ಲಿ ಡಿಸ್‌ಪ್ಲೇಪೋರ್ಟ್ (ಚಿತ್ರ ಕಳಿಸುವ ಸೌಲಭ್ಯ) ಇರಬೇಕು, ಎರಡು ಸಿ ಪೋರ್ಟ್‌ಗಳಲ್ಲಿ ಒಂದರಲ್ಲಿ ಮಾತ್ರ ಇರುವುದೂ ಉಂಟು. ಮಾನಿಟರ್ ಹಿಂದೆ ಎಷ್ಟು ವ್ಯಾಟ್ ಕೊಡುತ್ತದೆ ಅಂತ ಬರೆದಿರುತ್ತದೆ. ನಿಮ್ಮ ಅಡಾಪ್ಟರ್ 65 ವ್ಯಾಟ್ ಆಗಿದ್ದು ಮಾನಿಟರ್ ಕೊಡುವುದು 15 ಆದರೆ ಚಿತ್ರ ಬರುತ್ತದೆ, ಬ್ಯಾಟರಿ ಇಳಿಯುತ್ತಾ ಹೋಗುತ್ತದೆ. ಮೂರನೆಯದು ಕೇಬಲ್: ಫೋನ್ ಜೊತೆ ಬಂದ ಚಾರ್ಜಿಂಗ್ ಕೇಬಲ್‌ಗಳಲ್ಲಿ ಸಾಮಾನ್ಯವಾಗಿ ಯುಎಸ್‌ಬಿ 2.0 ತಂತಿಗಳು ಮಾತ್ರ, ಅದರಲ್ಲಿ ಚಿತ್ರ ಬರುವುದಿಲ್ಲ. 10 ಜಿಬಿಪಿಎಸ್ ಮತ್ತು 100 ವ್ಯಾಟ್ ಅಂತ ಎರಡೂ ನಮೂದಿಸಿದ, ಒಂದು ಮೀಟರ್ ಒಳಗಿನ ಕೇಬಲ್ ಕೇಳಿ ತಗೊಳ್ಳಿ.